ಆಲ್ವಿನ್ ಹಾಕದ ಗೀರು

ಮುದುಕಿ ಥೋರಾಳ ಶೆಡ್ಡಿನಲ್ಲಿ ಉಳಿದದ್ದು ಒಂದೇ ಡಬ್ಬ. ಅದರಲ್ಲಿ ಗುಂಡು ಹಾರಿ ಖಾಲಿಯಾದ ಇನ್ನೂರ ಹದಿಮೂರು ತೋಟಾ, ಎಲ್ಲವೂ ಹಳೆಯ ಸೈನ್ಯದ ರೈಫಲ್ಲಿನ ದಪ್ಪ ಹಿತ್ತಾಳೆ. ತೀರಿಹೋದ ಗಂಡ ಆಲ್ವಿನ್ ಬಿಟ್ಟುಹೋದ ಹನ್ನೊಂದು ಡಬ್ಬಗಳಲ್ಲಿ ಹತ್ತು ಬರಿದಾಗಿದ್ದವು.

ಮೂರು ವರ್ಷದಿಂದ ಪ್ರತಿ ಗುರುವಾರ ಮಧ್ಯಾಹ್ನ ನದಿಯಾಚೆಯ ರಾಯ್ಸ್ ಬರುತ್ತಿದ್ದ. ಅವಳು ಆರಿಸಿ, ತೊಳೆದು, ಕತ್ತು ಸಮ ಮಾಡಿಟ್ಟ ತೋಟಾಗಳನ್ನು ಒಯ್ದು ಮತ್ತೆ ಮದ್ದು ತುಂಬಿಕೊಳ್ಳುತ್ತಿದ್ದ. ಹೋಗುವ ಮುನ್ನ ಒಂದು ಲೋಟ ಕಾಫಿ, ಒಂದು ಗಂಟೆ ಮಾತು. ಮಾಂಟಾನಾದ ಆ ಬಯಲಿನಲ್ಲಿ ಅವಳ ಬಾಗಿಲು ತಟ್ಟುವವರು ಬೇರೆ ಯಾರೂ ಇರಲಿಲ್ಲ. ಈ ಡಬ್ಬ ಚೆನ್ನಾಗಿದ್ದರೆ ಚಳಿಗಾಲ ಪೂರ್ತಿ ಕೆಲಸ. ಹಿಮ ಕರಗುವವರೆಗೂ ರಾಯ್ಸ್ ಬಂದಾನು. ಇಲ್ಲದಿದ್ದರೆ ಇದೇ ಕೊನೆಯ ಗುರುವಾರ.

ಆಲ್ವಿನ್‌ನದೊಂದು ಪದ್ಧತಿಯಿತ್ತು. ತೋಟಾ ಒಮ್ಮೆ ಹಾರಿತೆಂದರೆ ಅದರ ಬುಡದ ಅಂಚಿಗೆ ಅರದಿಂದ ಒಂದು ಗೀರು. ಐದು ಗೀರಾದರೆ ಗುಜರಿಗೆ. ಈ ಡಬ್ಬದಲ್ಲಿದ್ದವಕ್ಕೆಲ್ಲ ಎರಡೆರಡೇ ಗೀರು. ಆದರೆ ಬೆಳಿಗ್ಗೆ ಅವಳು ತುದಿ ಬಗ್ಗಿಸಿದ ತಂತಿಯನ್ನು ಒಂದರೊಳಗೆ ಇಳಿಸಿ, ಒಳಗೋಡೆ ಸವರುತ್ತ ಮೇಲೆಳೆದಾಗ, ಬುಡದಿಂದ ಒಂದು ಬೆರಳು ಮೇಲೆ ತಂತಿ ಸಿಕ್ಕಿಕೊಂಡಿತು. ಅಲ್ಲಿ ಹಿತ್ತಾಳೆ ಸುತ್ತಲೂ ಸವೆದು ಗೆರೆ ಬಿದ್ದಿತ್ತು. ಹೊರಗೆ ಏನೂ ಕಾಣದು. ಇನ್ನೊಮ್ಮೆ ಹಾರಿಸಿದರೆ ಅಲ್ಲೇ ತುಂಡಾಗಿ ಬೆಂಕಿಯಂಥ ಗಾಳಿ ಹಾರಿಸಿದವನ ಕಣ್ಣಿಗೆ ನುಗ್ಗಬಹುದು. ಒಂಬತ್ತನ್ನು ನೋಡಿದಳು. ಒಂಬತ್ತೂ ಹಾಗೇ.

ರಾಯ್ಸ್ ಬಂದವನೇ ಒಂದನ್ನೆತ್ತಿ ಬೆಳಕಿಗೆ ಹಿಡಿದ.

"ಎರಡೇ ಗೀರು! ಇವು ಇನ್ನೂ ಮದುವೆ ವಯಸ್ಸಿನವು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಕ್ಕಾ?"

"ನಿನ್ನ ಗುರಿಗೆ ಯಾವ ತೋಟಾ ಆದ್ರೇನು? ಜಿಂಕೆಗಳು ನಿಂತ್ಕೊಂಡು ನಗ್ತಾವೆ."

ಅವನು ನಗುತ್ತಲೇ ಡಬ್ಬವನ್ನು ತನ್ನ ಕಡೆ ಎಳೆದುಕೊಂಡ. ಆಲ್ವಿನ್‌ನ ಗೀರಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಥೋರಾ ಅವನ ಕಣ್ಣುಗಳನ್ನು ನೋಡಿದಳು.

"ಬಿಡು ಅದನ್ನ. ಈ ತಂತಿ ಹಾಕಿ ನೋಡು."

ಅವನು ಎಳೆದು ನೋಡಿದ. ಇನ್ನೊಂದು, ಮತ್ತೊಂದು. ನಗು ಇಳಿಯಿತು.

"ಆಲ್ವಿನಣ್ಣ ಲೆಕ್ಕ ತಪ್ಪೋರಲ್ವಲ್ಲಕ್ಕಾ."

"ಕೊನೇ ಎರಡು ವರ್ಷ ಅವರ ಕೈ ನಡುಗ್ತಿತ್ತು ಕಣೋ. ಅರ ನಿಲ್ತಿರಲಿಲ್ಲ. ಗುಂಡು ಹಾರಿಸೋದು ಮಾತ್ರ ಬಿಡಲಿಲ್ಲ. ಗೀರೋ ಸದ್ದು ನಿಂತಿದ್ದು ಅಡುಗೆಮನೇಲಿದ್ದ ನಂಗೆ ಗೊತ್ತಾಗಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ."

"ಹಾಗಾದ್ರೆ ಮುಗೀತು ಅನ್ನಿ."

"ಮುಗೀತು."

ಅವನು ನಿಂತೇ ಕಾಫಿ ಕುಡಿದ. "ಏನಾದ್ರೂ ಬೇಕಾದ್ರೆ ಫೋನ್ ಮಾಡಿ ಅಕ್ಕಾ," ಎಂದ. ಅವನ ಗಾಡಿಯ ಸದ್ದು ಜಲ್ಲಿ ರಸ್ತೆ ದಾಟಿ, ಸೇತುವೆ ದಾಟಿ, ಕೇಳದಾಯಿತು.

ಕೆಟ್ಟ ತೋಟಾವನ್ನು ಹಾಗೇ ಗುಜರಿಗೆ ಹಾಕುವಂತಿಲ್ಲ. ಯಾರೂ ಮತ್ತೆ ತುಂಬದ ಹಾಗೆ ಬಾಯಿ ಜಜ್ಜಬೇಕು. ಥೋರಾ ಇಕ್ಕಳ ತೆಗೆದುಕೊಂಡು ಕೂತಳು. ಆದರೆ ಪ್ರತಿಯೊಂದಕ್ಕೂ ಮೊದಲು ತಂತಿ ಇಳಿಸಿದಳು. ಒಂದು ಹಿಡಿಯಷ್ಟು ಚೆನ್ನಾಗಿದ್ದರೂ ಇನ್ನೊಂದು ಗುರುವಾರಕ್ಕೆ ಆಗುತ್ತಿತ್ತು. ತಂತಿ ಸಿಕ್ಕಿಕೊಂಡಿತು, ಜಜ್ಜಿದಳು. ಸಿಕ್ಕಿಕೊಂಡಿತು, ಜಜ್ಜಿದಳು. ಇನ್ನೂರ ಹದಿಮೂರನೆಯದಕ್ಕೆ ಎರಡು ಸಲ ಇಳಿಸಿ ನೋಡಿದಳು. ಆಮೇಲೆ ಅದನ್ನೂ ಜಜ್ಜಿ ಬಕೆಟ್ಟಿಗೆ ಹಾಕಿದಳು.