ಹಗೇವು ಇದ್ದ ಹರಾಜಿನ ಮನೆ

ದೊಡ್ಡಬೆಳವಂಗಲದ ಆ ಹಳೇ ಮನೆಯನ್ನು ಬ್ಯಾಂಕಿನವರು ಹರಾಜಿಗಿಟ್ಟಿದ್ದಾರೆಂದು ತಿಳಿದಾಗ, ಬಾಡಿಗೆ ಮನೆಗಳಲ್ಲೇ ಹದಿನಾಲ್ಕು ವರ್ಷ ಸವೆಸಿದ್ದ ನಾನು ಕುಣಿದಾಡಿಬಿಟ್ಟೆ. ಹೋಗಿ ನೋಡಿದರೆ, ಅಯ್ಯೋ ದೇವರೇ! ಅಡುಗೆಮನೆಯ ಸೂರು ಕುಸಿದಿತ್ತು. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೆಳೆದಿತ್ತು.

"ಇದನ್ನ ರಿಪೇರಿ ಮಾಡ್ಸೋ ಹೊತ್ಗೆ ನಾವೇ ರಿಪೇರಿಗೆ ಬಂದಿರ್ತೀವಿ" ಎಂದು ನಮ್ಮ ಯಜಮಾನರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅತ್ತೆಯ ತಕರಾರು ಬೇರೆಯೇ ಇತ್ತು. "ಇನ್ನೊಬ್ರು ಅತ್ಕೊಂಡು ಬಿಟ್ಟೋದ ಮನೆ ಕಣವ್ವ. ಅವರ ನಿಟ್ಟುಸಿರು ನಮ್ಗೆ ತಟ್ಟಲ್ವಾ?"

ಹಿತ್ತಿಲಿಗೆ ಹೋದಾಗ ಅತ್ತೆ ಇದ್ದಕ್ಕಿದ್ದಂತೆ ನಿಂತರು. ಮಣ್ಣಲ್ಲಿ ಅರ್ಧ ಹುದುಗಿದ್ದ ಚಪ್ಪಡಿಯನ್ನು ಕಾಲಿನಿಂದ ತಟ್ಟಿ, "ಇಲ್ಲಿ ಹಗೇವು ಐತೆ" ಎಂದರು. ಹಗೇವೆಂದರೆ ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲದಡಿಯ ಕಣಜ. ಕೀಲಿಕೈ ತಂದಿದ್ದ ಬ್ಯಾಂಕಿನವರು ತಮ್ಮ ಪಟ್ಟಿ ತಿರುವಿ ಹಾಕಿದರು. ಬಾಗಿಲು, ಕಿಟಕಿ, ನೀರಿನ ಸಂಪು ಎಲ್ಲವೂ ಅದರಲ್ಲಿತ್ತು, ಇದೊಂದು ಇರಲಿಲ್ಲ. ಅವರಿಗೂ ಕುತೂಹಲ. ಎಲ್ಲರೂ ಸೇರಿ ಚಪ್ಪಡಿ ಸರಿಸಿದೆವು.

ಯಜಮಾನರು ಪ್ಯಾಂಟು ಮಡಚಿ ಇಳಿಯಲು ಹೊರಟೇಬಿಟ್ಟರು. "ಲೇ, ಸತ್ತೋಯ್ತೀಯ ಕಣೋ!" ಎಂದು ಅತ್ತೆ ಮಗನ ಅಂಗಿ ಹಿಡಿದೆಳೆದರು. ಒಂದು ದೀಪ ಹಚ್ಚಿಸಿ ಹಗ್ಗದಲ್ಲಿ ಇಳಿಬಿಟ್ಟರು. ಆಳುದ್ದ ಇಳಿಯುವಷ್ಟರಲ್ಲಿ ದೀಪ ಸುಮ್ಮನೆ ಆರಿಹೋಯಿತು. ಒಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ.

ಕೆಟ್ಟ ಗಾಳಿ ಹೋಗಲೆಂದು ಬೇವಿನ ಸೊಪ್ಪು ಬೀಸುತ್ತಾ ಸಂಜೆಯವರೆಗೆ ಕಾದೆವು. ಮತ್ತೆ ಇಳಿಬಿಟ್ಟ ದೀಪ ಈ ಸಲ ತಳದವರೆಗೂ ಉರಿಯಿತು. ಅಬ್ಬಾ, ಅದೆಂಥ ಕೆಲಸ! ಬಾಯಿ ಕಿರಿದು, ಒಳಗೆ ಗಡಿಗೆಯಂತೆ ಅಗಲ. ಗೋಡೆಗೆ ಇನ್ನೂ ಗುದ್ದಲಿಯ ಗುರುತು. ಯಾವ ಕಾಲದವರ ಕೈಯೋ ಎಂದು ಬೆರಗಾಗಿ ಬಗ್ಗಿ ನೋಡುತ್ತಲೇ ಇದ್ದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ ಯಜಮಾನರು ಬೊಗಸೆ ತುಂಬ ರಾಗಿ ತಂದರು. ಒಂದು ಹುಳುವೂ ಇರಲಿಲ್ಲ.

"ಇದು ಅವ್ರ ರಾಗಿ, ಅವ್ರಿಗೇ ಸೇರ್ಬೇಕು" ಎಂದು ಅತ್ತೆ ಅದನ್ನು ಸೆರಗಿಗೆ ಕಟ್ಟಿಕೊಂಡರು. ಮನೆ ಕಳೆದುಕೊಂಡಿದ್ದವರು ದೊಡ್ಡಬಳ್ಳಾಪುರದಲ್ಲಿ ಬಾಡಿಗೆಗಿದ್ದರು. ಮಾರನೆಯ ದಿನ ಹುಡುಕಿಕೊಂಡು ಹೋದೆವು. ಅತ್ತೆಯ ವಯಸ್ಸಿನ ಹೆಂಗಸೊಬ್ಬರು ಬಾಗಿಲು ತೆರೆದರು. ಬೈಯುತ್ತಾರೇನೋ ಎಂದು ನಾನು ಅತ್ತೆಯ ಹಿಂದೆ ಸರಿದು ನಿಂತೆ. "ನಿಮ್ ಹಗೇವಲ್ಲಿ ಮರ್ತು ಬಿಟ್ಟಿದ್ರಿ" ಎಂದು ಅತ್ತೆ ಸೆರಗು ಬಿಚ್ಚಿದರು. ಆಕೆ ರಾಗಿ ಮುಟ್ಟಿ ನೋಡಿ, "ಮರ್ತು ಬಿಟ್ಟಿದ್ದಲ್ಲ ಕಣಕ್ಕ. ತಳ ಬಳ್ಕೊಂಡು ಬರೋಕೆ ಮನಸ್ಸು ಬರ್ಲಿಲ್ಲ. ಮುಂದೆ ಬರೋರು ಯಾರೇ ಆಗ್ಲಿ, ಅವ್ರಿಗೆ ಬರೀ ಹಗೇವು ಕೊಡ್ಬಾರ್ದಲ್ವಾ?" ಎಂದರು.

ಬಾಳಿದ ಮನೆ ಬಿಟ್ಟು ಹೊರಡುವ ದಿನ ಆಕೆ ನಮ್ಮನ್ನು ನೆನೆದಿದ್ದರು, ನಾವು ಯಾರೆಂದೇ ಗೊತ್ತಿಲ್ಲದೆ.

ಅತ್ತೆ ಆಕೆಯ ಕೈ ಹಿಡಿದು, "ಮನೆ ನಮ್ಗೇ ಸಿಕ್ರೆ, ಹಾಲುಕ್ಸೋಕೆ ನೀನೇ ಬರ್ಬೇಕು ಕಣಕ್ಕ" ಎಂದರು.