ಕವಳಿ ಕಂಟಿಯ ಪಾಲು

ಸಿಂಧನೂರಿನ ನಮ್ಮ ಮನೆಗೆ ಮೊದಲ ಸಲ ಬಂದವರು ಗೇಟಿನ ಹೊರಗೇ ನಿಂತು ಕೂಗುತ್ತಾರೆ: "ಈ ಮನ್ಯಾಗ ಯಾರರ ಇರ್ತೀರೇನ್ರೀ?" ನಾನು ಅಂಗಳದ ತುಂಬ ಬೆಳೆದ ಕಂಟಿ ಪೊದೆಗಳ ಸಂದಿಯಿಂದ ತಲೆ ಹೊರಗೆ ಹಾಕಿ, "ಅದೀವಿ, ಬರ್ರಿ" ಎನ್ನುತ್ತೇನೆ. ಬಂದವರು ಕೆಸರಿನಲ್ಲಿ ನಡೆದ ಹಾಗೆ ಕಾಲು ಎತ್ತಿ ಎತ್ತಿ ಇಡುತ್ತಾರೆ, ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಚಹಾ ಕುಡಿಯುತ್ತಾರೆ, ಹೋಗುವಾಗ "ಒಂದು ಆಳು ಹಚ್ಚಿ ಸ್ವಚ್ಛ ಮಾಡಿಸ್ರಲ್ಲ" ಎಂದು ಪುಕ್ಕಟೆ ಸಲಹೆ ಕೊಡುತ್ತಾರೆ. ಇದು ಸ್ವಚ್ಛವಾಗಿಯೇ ಇದೆ ಎಂದು ಹೇಳಿ ಹೇಳಿ ಸಾಕಾಗಿ ಈಗ ಬರೀ ನಗುತ್ತೇನೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಬಹಳ ವರ್ಷದಿಂದ ನನ್ನದು ಒಂದೇ ದಾರಿ. ಸಿಂಧನೂರು, ಮಸ್ಕಿ, ಲಿಂಗಸುಗೂರು. ಮತ್ತೆ ತಿರುಗಿ ಮಸ್ಕಿ, ಸಿಂಧನೂರು. ಈ ದಾರಿಯಲ್ಲಿ ಎರಡು ಲೋಕಗಳಿವೆ. ಸಿಂಧನೂರಿನ ಸುತ್ತ ಕಾಲುವೆ ನೀರು, ಕಣ್ಣು ಹಾಯುವವರೆಗೂ ನೆಲ್ಲಿನ ಗದ್ದೆ. ಮಸ್ಕಿ ಬಂತೆಂದರೆ ಕಲ್ಲುಗುಡ್ಡ, ಕೆಂಪು ಮಣ್ಣು, ಸೊಂಟದೆತ್ತರದ ಕಂಟಿ. ನಮ್ಮ ಊರಿನವರು ಮೊದಲನೆಯದನ್ನು ಭೂಮಿ ಎನ್ನುತ್ತಾರೆ, ಎರಡನೆಯದನ್ನು ಬೀಳು ಎನ್ನುತ್ತಾರೆ. ನನ್ನ ಅವ್ವ ಆ ಬೀಳಿನವಳು. ಮಸ್ಕಿ ಕಡೆಯ ಗುಡ್ಡದಲ್ಲಿ ಮಂದಿಯ ಆಡು ಕಾಯುತ್ತಲೇ ಒಬ್ಬಳೇ ಮಗಳಾದ ನನ್ನನ್ನು ಓದಿಸಿದಳು. ಮೊಣಕಾಲು ಸೋತ ಮೇಲೆ ಅವಳನ್ನು ಸಿಂಧನೂರಿಗೆ ಕರೆತಂದೆ. ಮನೆಯಲ್ಲಿ ನಾವಿಬ್ಬರೇ.

ನಮ್ಮ ಲೇಔಟು ಮೊದಲು ಗದ್ದೆಯಾಗಿತ್ತು. ಬದುವಿನ ಮೇಲಿದ್ದ ಒಂದು ದೊಡ್ಡ ಬೇವಿನ ಗಿಡ ಹೇಗೋ ಉಳಿದು ನನ್ನ ಪ್ಲಾಟಿನ ಮುಂಭಾಗಕ್ಕೆ ಬಂದಿತ್ತು. ಮನೆ ಕಟ್ಟಿದಾಗ ಎಲ್ಲರಂತೆ ನಾನೂ ಅದರ ಬುಡದವರೆಗೆ ಸಿಮೆಂಟು ಹಾಕಿಸಿದ್ದೆ. ಅವ್ವ ಒಂದು ವಾರ ಅದರ ಕೆಳಗೆ ಕೂತಳು. ಎಂಟನೆಯ ದಿನ ನನ್ನನ್ನು ಕರೆದಳು.

"ಇಲ್ಲಿ ಒಂದು ಹಕ್ಕಿನೂ ನನಗ ಬೈಯಂಗಿಲ್ಲಲ್ಲವ್ವಾ."

"ಯಾಕ ಬೈಬೇಕು ಬೇ?"

"ಗುಡ್ಡದಾಗ ಕಂಟಿ ಸನೇಕ ಹೋದ್ರ ಬೈತಿದ್ವು. ಇಲ್ಲಿ ಬರೇ ಮಾಳಿಗಿ ಐತಿ, ಕೆಳಗ ಮನಿನ ಇಲ್ಲ. ಅವು ಎಲ್ಲಿ ಸಂಸಾರ ಮಾಡಬೇಕು?"

ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ಮೇಲೆ ಬೇವಿನ ಟೊಂಗೆ, ಕೆಳಗೆ ಸಿಮೆಂಟು, ನಡುವೆ ಏನೂ ಇಲ್ಲ. ಮುಂದಿನ ರಜೆಯ ದಿನ ಆಳು ಕರೆಸಿ ಸಿಮೆಂಟು ಒಡೆಸಿದೆ. ನೆಲಕ್ಕೆ ಕಂಟಿಗಳನ್ನು ಹಚ್ಚಿ ಅವ್ವನಿಗೆ ಬೈಯುವ ಹಕ್ಕಿಗಳನ್ನು ತರಿಸುತ್ತೇನೆ ಎಂದು ಹಟ ಹಿಡಿದೆ. ಹಟ ಅವಳದೇ, ನನಗೆ ಬಳುವಳಿಯಾಗಿ ಬಂದದ್ದು.

ಆಗ ಮಸ್ಕಿ–ಲಿಂಗಸುಗೂರು ನಡುವೆ ಒಂದು ಕಡೆ ರಸ್ತೆ ಅಗಲ ಮಾಡುತ್ತಿದ್ದರು. ಜೆಸಿಬಿ ಅಂಚಿನ ಕಂಟಿಗಳನ್ನೆಲ್ಲ ಬೇರು ಸಮೇತ ಕಿತ್ತು ಗುಡ್ಡೆ ಹಾಕುತ್ತಿತ್ತು. ಹೇಗೂ ಸಾಯುವ ಗಿಡ, ನನ್ನ ಜೊತೆ ಬರಲಿ ಎಂದುಕೊಂಡೆ. ಡ್ರೈವರ್ ಅಣ್ಣ ಅಲ್ಲಿ ಎರಡು ನಿಮಿಷ ಬಸ್ಸು ನಿಲ್ಲಿಸುತ್ತಿದ್ದ, ನಾನು ಇಳಿದು ದೊಡ್ಡ ದೊಡ್ಡ ಕಂಟಿಗಳನ್ನೇ ಆರಿಸಿ ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ತುರುಕುತ್ತಿದ್ದೆ. "ಅಕ್ಕಾರ, ಆ ಕಂಟಿಗೆ ಅರ್ಧ ಟಿಕೀಟರ ಹರೀರಿ, ಚೆಕಿಂಗ್ ನವರು ಬಂದಾರು" ಎಂದು ಅವನು ಕನ್ನಡಿಯಲ್ಲಿ ನೋಡಿ ನಗುತ್ತಿದ್ದ.

ತಂದದ್ದೆಲ್ಲ ಒಣಗಿತು. ಒಂದೂ ಬಿಡದೆ ಒಣಗಿತು. ಅವ್ವ ಸಮಾಧಾನ ಹೇಳುವ ಬದಲು ನಕ್ಕಳು. "ದೊಡ್ಡ ಎಮ್ಮಿ ಕೊಂಡು ತಂದ್ರ ಹಗ್ಗ ಹರಕೊಂಡು ಹಳೇ ಮನಿಗೆ ಓಡತೈತಿ. ಕರ ತರಬೇಕಲೇ ಹುಚ್ಚಿ." ಅಂದಿನಿಂದ ಗೇಣುದ್ದದ ಸಸಿ ಮಾತ್ರ ತಂದೆ. ಬೇಸಿಗೆಯಲ್ಲಿ ಮುದಗಲ್ ಕಡೆಯ ಹೆಂಗಸರು ಲಿಂಗಸುಗೂರು ಸ್ಟ್ಯಾಂಡಿನಲ್ಲಿ ಮುಳ್ಳುಕಂಟಿಯ ಕರಿ ಕವಳಿ ಹಣ್ಣಿನ ಬುಟ್ಟಿ ಹೊತ್ತು ಬಸ್ಸು ಹತ್ತುತ್ತಾರೆ. ಅವರ ಹತ್ತಿರ ಹಣ್ಣು ಕೊಂಡು ತಂದೆ. ಅವ್ವ ಹಣ್ಣು ತಿಂದು ಬೀಜವನ್ನು ಹಳೆಯ ಡಬ್ಬಿಗಳ ಮಣ್ಣಿಗೆ ಉಗುಳಿದಳು. ಕಾರಿ, ಪರಗಿ ಎಂಬ ಗುಡ್ಡದ ಹಣ್ಣುಗಳ ಬೀಜಗಳೂ ಅವಳ ಬಾಯಿಂದಲೇ ನೆಲಕ್ಕೆ ಬಿದ್ದವು. ಬಿಸಿಲು ಬೀಳುವ ಅಂಚಿಗೆ ಹಳದಿ ಹೂವಿನ ತಂಗಡಿ, ನೀರು ಹರಿಯುವ ಮೂಲೆಗೆ ಲಕ್ಕಿ, ನೆರಳಿಗೆ ಕವಳಿ, ಕಾರಿ, ಪರಗಿ. ಯಾವುದು ಯಾವುದರ ಪಕ್ಕ ಎಂಬುದನ್ನು ಕುರ್ಚಿಯಲ್ಲಿ ಕೂತು ಅವಳೇ ಕೋಲಿನಿಂದ ತೋರಿಸಿದಳು. ಬೇವಿನ ಎಲೆ ಉದುರಿದರೆ ಗುಡಿಸಗೊಡಲಿಲ್ಲ. "ನೆಲಕ್ಕೂ ಹಾಸಿಗಿ ಬೇಕು" ಅಂದಳು.

ಎರಡನೆಯ ಮಳೆಗಾಲದ ಹೊತ್ತಿಗೆ ಕಂಟಿ ಸೊಂಟಕ್ಕೆ ಬಂತು. ತಂಗಡಿ ಹೂ ಬಿಟ್ಟಿತು, ಹಳದಿ ಪಾತರಗಿತ್ತಿಗಳು ಬಂದು ಎಲೆಗೆ ಮೊಟ್ಟೆಯಿಟ್ಟವು, ಹುಳುಗಳು ಎಲೆ ತಿಂದವು, ಆ ಹುಳು ತಿನ್ನಲು ಹಕ್ಕಿಗಳು ಬಂದವು. ಕಾರಿ ಹಣ್ಣಿಗೆ ಪಿಕಳಾರ, ಉದುರಿದ ಎಲೆ ಕೆದಕಲು ಏಳೆಂಟು ಹರಟೆಮಲ್ಲ. ಒಂದು ಮುಂಗುಸಿ ದಿನಾ ಮುಂಜಾನೆ ಕಾಂಪೌಂಡಿನ ಗುಂಟ ಹಾಜರಿ ಹಾಕಿ ಹೋಗತೊಡಗಿತು. ಒಂದು ದಿನ ಡ್ಯೂಟಿ ಮುಗಿಸಿ ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಇವತ್ತ ಬೈದ್ವು ನೋಡು" ಅಂದಳು. ಕಣ್ಣಲ್ಲಿ ನೀರಿತ್ತು. ನನಗೆ ಪ್ರಮೋಷನ್ ಸಿಕ್ಕಿದ್ದರೂ ಅಷ್ಟು ಖುಷಿ ಆಗುತ್ತಿರಲಿಲ್ಲ.

ಹಾವು ಬರಲಿಲ್ಲವೇ ಎಂದರೆ, ಬಂತು. ಸುಳ್ಳು ಯಾಕೆ ಹೇಳಲಿ? ಒಂದು ಕೆರೆಹಾವು ಇಲಿಯ ಬೆನ್ನು ಹತ್ತಿ ಕಂಟಿಯಿಂದ ಹೊರಟು ರಸ್ತೆ ದಾಟಿತು. ಅದನ್ನು ನೋಡಿದವರು ಎದುರು ಮನೆಯ ಅಮ್ಮಾರು. ದಢೇಸುಗೂರು ಕಡೆ ಕಾಲುವೆಗುಂಟ ಗದ್ದೆ ಇರುವ ಮನೆತನ, ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅವರ ಅಂಗಳದಲ್ಲಿ ಟೈಲ್ಸು, ಟೈಲ್ಸಿನ ಮೇಲೆ ಕುಂಡ, ಕುಂಡದಲ್ಲಿ ಬಣ್ಣದೆಲೆಯ ಶೋ ಗಿಡ. ಅವುಗಳ ಮೇಲೆ ಒಂದು ಇರುವೆಯೂ ಹತ್ತುವುದಿಲ್ಲ.

ಮಳೆಗಾಲ ಮುಗಿಯುವಾಗ, ನಾನು ಡ್ಯೂಟಿಯಲ್ಲಿದ್ದ ಒಂದು ಹಗಲು, ಅವರ ಗದ್ದೆಯ ಆಳು ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಕಾಂಪೌಂಡಿನ ಹೊರಗೆ ನಿಂತು ನಮ್ಮ ಕಂಟಿಗೆ ಎಣ್ಣಿ ಹೊಡೆದ. ನಮ್ಮ ಕಡೆ ಗದ್ದೆಗೆ ಹೊಡೆಯುವ ವಿಷಕ್ಕೆಲ್ಲ ಎಣ್ಣಿ ಎಂದೇ ಹೆಸರು. ಇದು ಕಳೆ ಸುಡುವ ಎಣ್ಣಿ. ಅವ್ವ ಕೋಲು ಊರಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಪಂಪು ಖಾಲಿಯಾಗಿತ್ತು. "ಅಮ್ಮಾರು ಹೇಳ್ಯಾರ, ಕಸಕ್ಕ ಹೊಡಿ ಅಂತ" ಅಂದನಂತೆ. ನಾಲ್ಕು ದಿನದಲ್ಲಿ ಮುಕ್ಕಾಲು ಕಂಟಿ ಕಂದಿ ಕರಿದಾಯಿತು. ಪಾತರಗಿತ್ತಿಯ ಹುಳುಗಳು ಎಲೆಗೆ ಅಂಟಿಕೊಂಡೇ ಸತ್ತಿದ್ದವು.

ನಾನು ಯೂನಿಫಾರ್ಮಿನಲ್ಲೇ ಅವರ ಗೇಟಿಗೆ ಹೋದೆ.

"ಇದು ಲೇಔಟ್ ಐತಿ ಕಂಡಕ್ಟರ್ ಬಾಯಿ, ಆಡಿನ ಹಟ್ಟಿ ಅಲ್ಲ" ಎಂದರು ಅವರು. "ಹಾವು ಬರಾಕತ್ತಾವ. ನಾಳೆ ಯಾರಿಗರ ಕಡದ್ರ ನೀವು ಬರ್ತೀರೇನು?"

ಆಡಿನ ಹಟ್ಟಿ ಎಂಬ ಮಾತು ಯಾರಿಗೆ ಅಂದದ್ದು ಎಂದು ನನಗೆ ಗೊತ್ತಿತ್ತು. "ಹಟ್ಟಿ ಆಗಿದ್ರ ಇಷ್ಟೊತ್ತಿಗೆ ಆಡು ಸತ್ತಿರ್ತಿದ್ವು ರೀ, ನಿಮ್ಮ ಎಣ್ಣಿ ನೆಕ್ಕಿ" ಅಂದೆ. "ನಾ ಮತ್ತ ಹಚ್ಚಾಕಿನ. ನೀವು ಎಷ್ಟು ಪಂಪು ಖಾಲಿ ಮಾಡ್ತೀರಿ ಮಾಡ್ರಿ."

ಮತ್ತೆ ಹಚ್ಚಿದೆ. ಕವಳಿಗೆ ಬೇರು ಗಟ್ಟಿ, ಬುಡದಿಂದ ಚಿಗುರಿತು, ಲಕ್ಕಿಯೂ ಚಿಗುರಿತು. ಸತ್ತ ಕಡ್ಡಿಗಳನ್ನು ಮಾತ್ರ ತೆಗೆಯಲಿಲ್ಲ. ತೆಗೆಯಬೇಡ ಎಂದು ಅವ್ವನೂ ಅಂದಳು, ನನಗೂ ಮನಸ್ಸಿರಲಿಲ್ಲ. ಎದುರು ಮನೆಯವರು ದಿನಾ ಬಾಗಿಲು ತೆಗೆದರೆ ತಾವು ಮಾಡಿದ್ದನ್ನು ನೋಡಲಿ ಎಂದು ಬಿಟ್ಟೆ. ಸಿಟ್ಟೇ ಅದು, ಬೇರೆ ಹೆಸರು ಕೊಡುವುದಿಲ್ಲ.

ಕಂಟಿ ಮತ್ತೆ ಎದ್ದದ್ದನ್ನು ನೋಡಿ ಮರುವರ್ಷ ಲೇಔಟಿನ ಹಿರಿಯರು ಸಭೆ ಮಾಡಿದರು. ಅದನ್ನು ತೆಗೆಸಬೇಕೆಂದು ನಗರಸಭೆ ಕಚೇರಿಗೆ ಕೊಡಲು ಅರ್ಜಿ ಬರೆದು ಎಲ್ಲ ಮನೆಯವರ ಸಹಿ ತೆಗೆದುಕೊಂಡರು. ಮೊದಲ ಸಹಿ ಎದುರು ಮನೆಯದು. ಆಗ ಶ್ರಾವಣ ಹತ್ತಿರ ಬಂದಿತ್ತು. ನಾಗರ ಪಂಚಮಿ ಮುಂದಿಟ್ಟುಕೊಂಡು ನೆಲ ಅಗೆಯಬಾರದು, ಗಿಡ ಕಡಿಯಬಾರದು ಎಂಬ ನೇಮ ಎಲ್ಲರಿಗೂ ನೆನಪಾಯಿತು. "ಪಂಚಮಿ ಮುಗಿದ ಮರುದಿನ ನೀವಾಗೇ ತೆಗಿಸ್ರಿ. ಇಲ್ಲಂದ್ರ ಅರ್ಜಿ ಕೊಟ್ಟು ಜೆಸಿಬಿ ತರಸ್ತೀವಿ" ಎಂದು ಹೇಳಿ ಕಳಿಸಿದರು. ನಾನು "ತರಿಸ್ರಿ" ಅಂದೆ. ಆದರೆ ಅವ್ವ ಮೂರು ಹೊತ್ತೂ ಆ ಕಂಟಿಯನ್ನೇ ನೋಡುತ್ತಾ ಕೂರುವವಳು. ಕಂಟಿ ಹೋದರೆ ಅವಳನ್ನು ಎಲ್ಲಿಗೆ ಮುಖ ಮಾಡಿ ಕೂರಿಸಲಿ?

ಸತ್ತ ಕಡ್ಡಿಗಳ ಕೆಲಸ ಅಷ್ಟರಲ್ಲಿ ಬೇರೆಯೇ ನಡೆದಿತ್ತು. ಅವಕ್ಕೆ ಗೆದ್ದಲು ಹಿಡಿದಿತ್ತು. ಮೊದಲ ಮಳೆ ಬಿದ್ದ ಮೇಲೆ ಸುಟ್ಟ ತಂಗಡಿಯ ಬುಡದಲ್ಲಿ ಮಣ್ಣಿನ ಹುತ್ತ ಎದ್ದು, ಪಂಚಮಿಯ ಹೊತ್ತಿಗೆ ಮೊಳದುದ್ದ ಬೆಳೆದಿತ್ತು.

ಲೇಔಟಿನ ಹೆಂಗಸರು ಹಾಲೆರೆಯುತ್ತಿದ್ದದ್ದು ಕಾಲುವೆ ಏರಿಯ ಮೇಲಿನ ಹಳೆಯ ಹುತ್ತಕ್ಕೆ. ಆ ವರ್ಷ ಏರಿ ರಿಪೇರಿಯಲ್ಲಿ ಅದು ನೆಲಸಮವಾಗಿತ್ತು. ಉಳಿದವರು ಅಂಗಡಿಯಿಂದ ಮಣ್ಣಿನ ನಾಗಪ್ಪನನ್ನು ತಂದರು. ಎದುರು ಮನೆಯ ಅಮ್ಮಾರು ಮಾತ್ರ ಹಾಲಿನ ತಂಬಿಗೆ, ಉಂಡಿಯ ತಟ್ಟೆ ಹಿಡಿದು ನಮ್ಮ ಗೇಟಿಗೆ ಬಂದರು.

"ನಿಮ್ಮಲ್ಲಿ ಹುತ್ತ ಐತಂತ."

"ಐತಿ" ಅಂದೆ. ಗೇಟಿನ ಚಿಲಕದ ಮೇಲಿಂದ ಕೈ ತೆಗೆಯಲಿಲ್ಲ.

"ನನ್ನ ತಮ್ಮಗ ಗದ್ಯಾಗ ಹಾವು ಕಡದಿತ್ತು. ಹೋದ. ಅವ ಹೋದಾಗಿಂದ ಒಂದು ಪಂಚಮಿನೂ ತಪ್ಪಿಸಿಲ್ಲ. ಮಣ್ಣಿನ ಗೊಂಬಿಗೆ ಎರದ್ರ ನನಗ ಸಮಾಧಾನ ಆಗಂಗಿಲ್ಲ."

ಇಷ್ಟು ವರ್ಷ ಎದುರಾಬದುರು ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಆದರೂ ಚಿಲಕ ತೆಗೆಯಲು ಕೈ ಬರಲಿಲ್ಲ. "ಈ ಹುತ್ತ ಎಬ್ಬಿಸಿದ್ದು ನಿಮ್ಮ ಎಣ್ಣಿ ರೀ. ನೀವು ಸುಟ್ಟ ಗಿಡಾನ ತಿಂದು ಎದ್ದೈತಿ" ಅಂದೆ. ಅವರು ತಲೆ ತಗ್ಗಿಸಿದರು. ಒಳಗಿಂದ ಅವ್ವ, "ಒಳಗ ಕರಿಯವ್ವಾ" ಅಂದಳು. ಕರೆದೆ.

ಹಾಲೆರೆದ ಹುತ್ತದ ಮೇಲೆ ಜೆಸಿಬಿ ಹಾಯಿಸುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅದು ನನಗೆ ಗೊತ್ತಿತ್ತು, ಒಳಗೊಳಗೇ ಲೆಕ್ಕ ಹಾಕಿಯೂ ಇದ್ದೆ. ದೇವರನ್ನು ಕಾವಲಿಗೆ ನಿಲ್ಲಿಸಿದಳು ಎಂದು ಯಾರಾದರೂ ಅಂದರೆ ಅನ್ನಲಿ. ನನಗೆ ಅಷ್ಟು ಸಾಕಾಗಿತ್ತು. ಅವ್ವನಿಗೆ ಸಾಕಾಗಲಿಲ್ಲ.

ಅಮ್ಮಾರು ಕಂಟಿಯ ನಡುವೆ ಕುಕ್ಕರಗಾಲಲ್ಲಿ ಕೂತು ಕೊಬ್ಬರಿ ಬಟ್ಟಲಿನಿಂದ ಎರೆಯತೊಡಗಿದರು. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು." ಆಮೇಲೆ ದನಿ ಸಣ್ಣದಾಯಿತು. "ತಮ್ಮನ ಪಾಲು." ಎದ್ದೇಳಲು ಹೊರಟರು.

"ತಂಬಿಗ್ಯಾಗ ಇನ್ನೂ ಹಾಲು ಅದಾವ್ರಿ ಅಮ್ಮಾರ" ಅಂದಳು ಅವ್ವ.

"ಎಲ್ಲಾರ ಪಾಲೂ ಆತಲ್ಲ ಯಮ್ಮಾ."

"ಎಣ್ಣಿ ಕುಡದು ಸತ್ತವರ ಪಾಲು ಆಗಿಲ್ಲ."

ಅಮ್ಮಾರು ಮತ್ತೆ ಕುಕ್ಕರಗಾಲಲ್ಲಿ ಕೂತರು. ಆಮೇಲೆ ಬಟ್ಟಲು ತುಂಬಿ, "ಆತು. ಗಿಡದ ಪಾಲು" ಅಂದರು.

"ಗಿಡ ಅಂದ್ರ ಯಾವುದು? ನಿಮ್ಮ ತಮ್ಮಗ ಯಾರೋ ಒಬ್ಬನ ಪಾಲು ಅಂತ ಎರದ್ರೇನು? ಹೆಸರು ಹಿಡದು ಎರೀರಿ."

ಜೀವಮಾನವೆಲ್ಲ ಇಂಥ ಅಮ್ಮಾರುಗಳ ಹಿತ್ತಲ ಬಾಗಿಲಲ್ಲಿ ನಿಂತು ಮಾತಾಡಿದವಳು ನನ್ನ ಅವ್ವ. ಅವತ್ತು ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನನಗ ಹೆಸರು ಗೊತ್ತಿಲ್ಲ" ಅಂದರು ಅಮ್ಮಾರು.

"ನಾ ಹೇಳ್ತೀನಿ, ನೀವು ಅನ್ರಿ. ತಂಗಡಿ ಪಾಲು."

"ತಂಗಡಿ ಪಾಲು."

"ಕಾರಿ ಪಾಲು."

"ಕಾರಿ ಪಾಲು."

ಲಕ್ಕಿ ಆಯಿತು, ಪರಗಿ ಆಯಿತು. ಕೋಲು ತೋರಿಸಿದ ಕಡೆಗೆಲ್ಲ ಅವರು ಕೂತಲ್ಲಿಂದಲೇ ಸರಿದು ಸರಿದು ಎರೆದರು. ಕೊನೆಗೆ ಕವಳಿಯ ಹತ್ತಿರ ಹೋದಾಗ ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿತು. ಬಿಡಿಸಿಕೊಳ್ಳುತ್ತಾ, "ಇದು?" ಎಂದು ಅವರೇ ಕೇಳಿದರು. ಅವ್ವ ಹೇಳಿದಳು.

ಪಂಚಮಿ ಮುಗಿಯಿತು, ಜೆಸಿಬಿ ಬರಲಿಲ್ಲ. ಅರ್ಜಿ ಏನಾಯಿತೋ ನಾನು ಕೇಳಲಿಲ್ಲ. ಅಮ್ಮಾರನ್ನು ಕ್ಷಮಿಸಿದೆನೇ ಎಂದರೆ ಇಲ್ಲ. ಸತ್ತ ಹುಳುಗಳನ್ನು ನಾನು ನೋಡಿದ್ದೇನೆ. ಪಂಪಿನವನು ನಿಂತಿದ್ದ ಜಾಗದಲ್ಲೇ, ಕಾಂಪೌಂಡಿನ ಹೊರಗೆ, ರಸ್ತೆಯ ಅಂಚಿಗೆ ಇನ್ನೊಂದು ಕವಳಿ ಸಸಿ ಹಚ್ಚಿದೆ. ಏನು ಮಾಡುತ್ತಾರೋ ಮಾಡಲಿ ಎಂದೇ ಹಚ್ಚಿದೆ.

ಮೊನ್ನೆ ಮುಂಜಾನೆ ಡ್ಯೂಟಿಗೆ ಹೊರಟಿದ್ದೆ. ಅದೇ ಆಳು ಅದೇ ಪಂಪು ಹೊತ್ತು ರಸ್ತೆಯಂಚಿನ ಹುಲ್ಲಿಗೆ ಹೊಡೆಯುತ್ತಾ ನಮ್ಮ ಗೋಡೆಯ ಕಡೆಗೆ ಬರುತ್ತಿದ್ದ. ನಾನು ಚೀಲ ಕೆಳಗಿಟ್ಟು ಸಸಿಗೆ ಅಡ್ಡ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯ ಕಿಟಕಿಯಿಂದ ಅಮ್ಮಾರ ದನಿ ಬಂತು.

"ಲೇ, ಅಲ್ಲೇ ನಿಂದ್ರು. ಅದು ಕಸ ಅಲ್ಲ, ಕವಳಿ."