ಶಬಾನಾ, ಆ ಸೀರೆ ನಮ್ಮ ಮಗ್ಗದ್ದೇ

ಶಬಾನಾ, ನಾನು ನಿನಗೆ ಸುಳ್ಳು ಹೇಳಿದೆ. ಮಸ್ಕತ್‌ನಲ್ಲಿ ನಿಮ್ಮ ಮೇಲಿನ ಮನೆಯ ಗುಜರಾತಿ ಅಜ್ಜಿ ಉಟ್ಟಿದ್ದ ಆ ಸೀರೆ ಮೊಳಕಾಲ್ಮುರಿನದೇ. ಅಷ್ಟೇ ಅಲ್ಲ — ಅದು ನಮ್ಮ ಮನೆಯದು, ನಮ್ಮಪ್ಪ ನೇಯ್ದದ್ದು. ಎರಡು ವರ್ಷದ ಹಿಂದೆ, ನೀನು ಕೇಳಿದ ದಿನವೇ ನನಗದು ಗೊತ್ತಾಗಿತ್ತು.

'ಅನುಮಾನವಿತ್ತು' ಎಂದು ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಚಳ್ಳಕೆರೆಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನನ್ನ ಜೊತೆ ನಿಂತವಳು ನೀನು. ಸೋಲುವಾಗ ನಾನು ಎಂಥ ಪದಗಳ ಹಿಂದೆ ಅಡಗುತ್ತೇನೆಂದು ನಿನಗೆ ಹೇಳಿಕೊಡಬೇಕಿಲ್ಲ.

ಮದುವೆಯಾಗಿ ಹೋದ ಮೇಲೆ ನೀನು ವಾರಕ್ಕೊಂದು ಫೋಟೊ ಕಳಿಸುತ್ತಿದ್ದೆ. ಕಿರಾಣಿ ಅಂಗಡಿಯಲ್ಲಿ ಸಿಕ್ಕ ಶೇಂಗಾ ಚಟ್ನಿಪುಡಿ. ನಿನ್ನ ಗಂಡನ ಗ್ಯಾರೇಜಿಗೆ ಬಂದ, ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ರಾಯದುರ್ಗದ ಡ್ರೈವರ್. "ಇಲ್ಲೂ ನಮ್ಮೂರು ಐತೆ ಕಣೇ!"

"ಶೇಂಗಾ ಸಿಕ್ಕಿದ್ದಕ್ಕೆಲ್ಲ ಊರೇ ಸಿಕ್ತು ಅಂದ್ರೆ, ಭೂಮಿ ತುಂಬ ಚಳ್ಳಕೆರೇನೇ ಐತೆ ಬಿಡು" ಎಂದು ನಾನು ಗೇಲಿ ಮಾಡುತ್ತಿದ್ದೆ. ನೀನು ನಗುತ್ತಿದ್ದೆ. ನಾನು ನಗುತ್ತಿರಲಿಲ್ಲ. ದಿನಾ ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ನನಗೆ ಊರು ಒಮ್ಮೆಯೂ ಹಾಗೆ ಸಿಕ್ಕಿರಲಿಲ್ಲ. ಬಿಟ್ಟು ಹೋದವಳಿಗೆ ಅದು ದಕ್ಕುತ್ತಿತ್ತು, ಇಲ್ಲೇ ಇದ್ದವಳಿಗೆ — ಇದು ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ.

ಆಮೇಲೆ ಆ ಸೀರೆಯ ಫೋಟೊ ಬಂತು. ತೀರಿಹೋದ ಗಂಡ ಎಂದೋ ಮುಂಬಯಿಯ ಅಂಗಡಿಯಲ್ಲಿ ಕೊಂಡದ್ದು, ಎಲ್ಲಿ ನೇಯ್ದದ್ದೆಂದು ಅಜ್ಜಿಗೆ ತಿಳಿಯದು ಎಂದು ನೀನು ಬರೆದಿದ್ದೆ. "ಅಂಚಿನ ರುದ್ರಾಕ್ಷಿ ಚಿತ್ತಾರ ನೋಡೇ. ನಿಮ್ಮನೇಗೆ ಬಂದಾಗೆಲ್ಲ ಮಗ್ಗದ ಮೇಲೆ ನೋಡಿದ್ದು ಇದೇ ಅಲ್ವಾ? ಅಪ್ಪಾಜಿಗೆ ತೋರಿಸು. ನಮ್ಮ ಕಡೇದು ಅಂತ ಅಜ್ಜಿಗೆ ಆಗ್ಲೇ ಹೇಳ್ಬಿಟ್ಟೀನಿ. ಈ ಬಿಲ್ಡಿಂಗ್‌ನಾಗೆ ನನ್ನ ಒಳಗೆ ಕರೆದೋರು ಅವ್ರೊಬ್ರೇ."

'ನಮ್ಮದಲ್ಲ' ಎಂದು ಅಪ್ಪ ಹೇಳಲೆಂದೇ ತೋರಿಸಿದೆ. ಅವರು ಕೈ ತೊಳೆದು, ಒರೆಸಿಕೊಂಡು, ಫೋನು ಹಿಡಿದರು. ನಮ್ಮಲ್ಲಿ ಸೀರೆ ಒಬ್ಬರ ಕೈಯಲ್ಲಿ ಆಗುವುದಲ್ಲ. ಒಂದು ಬದಿಯ ಅಂಚಿಗೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಲಾಳಿ ಎಸೆಯಬೇಕು. ಅಪ್ಪನ ಪಕ್ಕ ಅವ್ವ. ಫೋಟೊದಲ್ಲಿ ಅವ್ವನ ಬದಿಯ ಅಂಚಿನಲ್ಲಿ ಒಂದು ಕಡೆ ಎರಡು ರುದ್ರಾಕ್ಷಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಹಾಲು ಉಕ್ಕಿತು ಅಂತ ನಿಮ್ಮವ್ವ ಲಾಳಿ ಬಿಟ್ಟು ಓಡಿದ್ಲು. ಆ ಕಡೇದೂ ನಾನೇ ಎಸೆಯಾಕೆ ಹೋಗಿ ತಪ್ಪಿದೆ. ನೇಯಿಸೋ ಸಾಹುಕಾರ ಬೈದಿದ್ದ" ಎಂದರು ಅಪ್ಪ.

"ಹಾಲು ಯಾರ ಟೀಗೆ ಇಟ್ಟಿದ್ದು ಅದನ್ನೂ ಹೇಳ್ರಿ!" ಎಂದು ಅವ್ವ ಒಳಗಿನಿಂದ ಕೂಗಿದಳು.

ಅಪ್ಪ ನನ್ನತ್ತ ತಿರುಗಿದರು. "ಆ ಶಬಾನಾ ಅಮ್ಮಾಯಿ ಕಣ್ಣು ನೋಡು. ಈ ಮನ್ಯಾಗೇ ಹುಟ್ಟಿದೋಳು ನೀನು, ನಿಂಗೆ ಗುರುತು ಸಿಗ್ಲಿಲ್ಲ."

ನಾನು ಗೆದ್ದು ತಂದ ಯಾವ ಕಪ್ಪಿಗೂ ಅಪ್ಪನ ಮುಖ ಹಾಗೆ ಅರಳಿರಲಿಲ್ಲ, ಶಬಾನಾ.

ನಿನಗೆ ಕಳಿಸಲೆಂದು ನನ್ನ ಫೋನಿನಲ್ಲಿ ತಮ್ಮ ಮಾತು ರೆಕಾರ್ಡ್ ಮಾಡಿಸಿದರು: "ಇದು ನಮ್ದೇ ಐತಮ್ಮಾ. ಆ ಅಜ್ಜಿಗೆ ಹೇಳು — ನೇಯ್ದೋನು ಇನ್ನೂ ಇದ್ದಾನೆ ಅಂತ."

ಅದನ್ನು ಅಳಿಸಿ ಹಾಕಿದೆ. ಬದಲಿಗೆ ಬರೆದೆ: "ಸಾಕ್ಷಿ ಸಾಲದು. ಇಂಥ ಅಂಚು ಪವರ್‌ಲೂಮ್‌ನಲ್ಲೂ ಬರ್ತದೆ. ಅಪ್ಪ ನಮ್ದಲ್ಲ ಅಂದ್ರು."

ಸಾಕ್ಷಿ ಕೇಳುವುದನ್ನು ಧರ್ಮವೆಂದು ನಂಬಿದವಳು ನಾನು. ಸಾಕ್ಷಿ ಕೈಯಲ್ಲೇ ಇದ್ದ ದಿನ, ಅದೇ ಮಾತನ್ನು ಮುಚ್ಚಳ ಮಾಡಿಕೊಂಡೆ.

"ಅಜ್ಜಿ ಹತ್ರ ಹೋಗಿ ತಪ್ಪಾಯ್ತು ಅಂದು ಬಂದೆ" ಎಂದು ಉತ್ತರಿಸಿದೆ ನೀನು. ಅಪ್ಪ ನಾಲ್ಕು ದಿನ ಕೇಳಿದರು, "ಏನಂದ್ಲು ಶಬಾನಾ?" "ಅವಳಿನ್ನೂ ಕೇಳಿಸಿಕೊಂಡಿಲ್ಲಪ್ಪ" ಎಂದೆ. ಐದನೆಯ ದಿನ ಕೇಳಲಿಲ್ಲ. ನಿನ್ನ ಫೋಟೊಗಳೂ ನಿಂತವು.

ಮೊನ್ನೆ ನಾನೇ ಕೇಳಿದೆನಲ್ಲ, ಊರಿನದೇನಾದರೂ ಕಂಡಿತಾ ಎಂದು. "ನೋಡೋದೇ ಬಿಟ್ಟೀನಿ. ನೀನೇ ಸರಿ, ಎಲ್ಲ ನನ್ನ ಭ್ರಮೆ" ಎಂದೆ ನೀನು. ನಿನ್ನನ್ನು ವಾದದಲ್ಲಿ ಒಪ್ಪಿಸಬೇಕೆಂದು ಎಷ್ಟು ವರ್ಷ ಹೆಣಗಿದ್ದೆ! ಒಪ್ಪಿದೆಯಲ್ಲ — ನಾನು ಊಟ ಬಿಟ್ಟು ಎದ್ದೆ.

ಇವತ್ತು ಅಪ್ಪನಿಗೆ ಎಲ್ಲ ಹೇಳಿದೆ. ಮಗ್ಗ ನಿಂತಿತು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ಆ ಅಜ್ಜಿ ಇನ್ನೂ ಅಲ್ಲೇ ಅವ್ರಾ?" ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ.

ಇದನ್ನು ಓದಿದವಳೇ ಮೊದಲು ಮೇಲಿನ ಮನೆಗೆ ಹೋಗು. ಅಪ್ಪನ ಆ ಮಾತು ಹೇಳು. ಎರಡು ವರ್ಷ ಅದನ್ನು ತಡೆದವಳು ಯಾರೆಂದೂ ಹೆಸರು ಹಿಡಿದೇ ಹೇಳು. ಆಮೇಲೆ ನನಗೆ ಉತ್ತರ ಬರೆಯಬೇಕೋ ಬೇಡವೋ — ಅದರ ಮೇಲೆ ನಾನು ವಾದ ಮಾಡುವುದಿಲ್ಲ.